ಶಿವಾಜಿನಗರ ನಿಲ್ದಾಣಕ್ಕೆ ಯಾರ ಹೆಸರು?

ಚಿಕ್ಕಪ್ಪ: (ಹಂಚಿಕೊಂಡ ಸುದ್ದಿ) ಶಿವಾಜಿನಗರ ಮೆಟ್ರೊ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರು: ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ

ಚಿಕ್ಕಪ್ಪ: ಇದೊಂದು ಬಾಕಿ ಇತ್ತು. ಶಿವಾಜಿ ಮಹಾರಾಜರ ಹೆಸರು ತೆಗೆದು ಅಲ್ಲಿನ ಸೇಂಟ್ ಮೇರಿ ಚರ್ಚಿನ, ಆ ಬ್ರಿಟಿಷರ ಚರ್ಚಿನ, ಹೆಸರು ಇಡುತ್ತಾರಂತೆ. ಎಲ್ಲರೂ ಓದಿ, ಎಂದಿನಂತೆ ಸುಮ್ಮನಿರಿ.

ಭಾವ: ಬಡಾವಣೆಯ ಹೆಸರು ಹಾಗೆಯೇ ಇರುತ್ತದೆ ಮಾವ, ನಿಲ್ದಾಣದ್ದು ಮಾತ್ರ ಬದಲಾಗುವುದು. ಅದೂ ಆದರೆ.

ಚಿಕ್ಕಪ್ಪ: ಇಂದು ನಿಲ್ದಾಣ, ನಾಳೆ ಬಡಾವಣೆ. ಶಿವಾಜಿಯ ತಂದೆ ಶಹಾಜಿ ಈ ಬೆಂಗಳೂರನ್ನೇ ಜಹಗೀರಾಗಿ ಪಡೆದಿದ್ದವರು. ಆ ನಂಟು ನಿಮಗೆ ಬೇಡವೇ?

ನಾನು: ಚಿಕ್ಕಪ್ಪ, ಹೆಸರು ಬದಲಾಯಿಸುವುದು ನನಗೂ ಬೇಡ. ಆದರೆ ನೀವು ಕೊಟ್ಟ ಕಾರಣಕ್ಕಲ್ಲ. ಅದು ಬ್ರಿಟಿಷರ ಚರ್ಚು ಎಂದು ಯಾರು ಹೇಳಿದರು? 1818ರಲ್ಲಿ ಅಲ್ಲಿ ಮೊದಲ ಚಿಕ್ಕ ಪ್ರಾರ್ಥನಾ ಮಂದಿರ ಕಟ್ಟಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ನಮ್ಮವರಂತೆ ಉಡುಪು ತೊಟ್ಟು, ಹಳ್ಳಿಗಳಲ್ಲಿ ಸಿಡುಬಿನ ಲಸಿಕೆ ಹಾಕಿಸುತ್ತಾ ಓಡಾಡಿದವರು. ಈಗಿನ ಗಾಥಿಕ್ ಕಟ್ಟಡವನ್ನು 1875ರಿಂದ 1882ರವರೆಗೆ ಕಟ್ಟಿಸಿದ ಕ್ಲೈನರ್ ಕೂಡ ಅದೇ ಫ್ರೆಂಚ್ ಮಿಷನ್ನಿನವರು. ಆಗ ಆ ಜಾಗಕ್ಕೆ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಶಿವಾಜಿನಗರ ಎಂಬ ಹೆಸರು ಬಂದದ್ದೇ ಆಮೇಲೆ. ಹಳೆಯದಕ್ಕೆ ಮರ್ಯಾದೆ ಎಂದು ಹೊರಟರೆ ನಿಮ್ಮ ವಾದ ನಿಮ್ಮ ಕಾಲಿಗೇ ತೊಡರುತ್ತದೆ.

ಚಿಕ್ಕಪ್ಪ: ಫ್ರೆಂಚರಾದರೇನು, ಬ್ರಿಟಿಷರಾದರೇನು? ಹೊರಗಿನವರೇ.

ಮೈಸೂರಿನ ಅತ್ತೆ: ಒಳಗೆ ಕಾಲಿಟ್ಟಿದ್ದೀಯೇನಪ್ಪಾ ಎಂದಾದರೂ? ಅಲ್ಲಿಯ ಮೇರಿ ಮಾತೆ ಉಟ್ಟಿರುವುದು ಸೀರೆ. ನಾನು ಸೆಪ್ಟೆಂಬರಿನ ಹಬ್ಬಕ್ಕೆ ಹೋದಾಗ ಅರ್ಧ ಜನ ಕಾವಿ ಬಟ್ಟೆಯಲ್ಲಿದ್ದರು, ಶಬರಿಮಲೆಗೆ ಹೊರಟವರೇನೋ ಅಂದುಕೊಂಡೆ. ನನ್ನ ಮುಂದೆ ಬುರ್ಖಾ ತೊಟ್ಟ ಹೆಂಗಸೊಬ್ಬಳು ಮೋಂಬತ್ತಿ ಹಿಡಿದು ನಿಂತಿದ್ದಳು, ಗಾಳಿಗೆ ಆರಿದಾಗಲೆಲ್ಲ ಹಿಂದಿನವರ ಬತ್ತಿಯಿಂದ ಮತ್ತೆ ಹಚ್ಚಿಕೊಳ್ಳುತ್ತಿದ್ದಳು. ಹೊರಗಿನವರು ಯಾರು, ಒಳಗಿನವರು ಯಾರು, ಆ ಸಾಲಿನಲ್ಲಿ ನೀನೇ ಬಂದು ವಿಂಗಡಿಸು.

ಭಾವ: 😀

ಚಿಕ್ಕಪ್ಪ: ಭಕ್ತಿಯ ಮಾತು ಬೇರೆ ಅಕ್ಕ, ಸರ್ಕಾರದ ಫಲಕ ಬೇರೆ.

ನಾನು: ಈಗ ಸರಿಯಾದ ಮಾತು ಆಡಿದಿರಿ. ಬಸ್ ನಿಲ್ದಾಣ ಶಿವಾಜಿನಗರ, ಪೊಲೀಸ್ ಠಾಣೆ ಶಿವಾಜಿನಗರ, ವಿಧಾನಸಭಾ ಕ್ಷೇತ್ರ ಶಿವಾಜಿನಗರ. ನೆಲದಡಿಯ ನಿಲ್ದಾಣಕ್ಕೆ ಮಾತ್ರ ಬೇರೆ ಹೆಸರಿದ್ದರೆ ಹೊಸಬರು ಎಲ್ಲಿ ಇಳಿಯಬೇಕು? ನಿಲ್ದಾಣದ ಫಲಕವಿರುವುದು ಇಳಿಯುವವರಿಗೆ. ಸನ್ಮಾನಕ್ಕೆ ಬೇರೆ ದಾರಿಗಳಿವೆ. ಆ ಚರ್ಚಿಗಂತೂ ಫಲಕದ ಹಂಗಿಲ್ಲ. 1973ರಲ್ಲೇ ಪೋಪ್ ಆರನೇ ಪೌಲರು ಬೆಸಿಲಿಕಾ, ಅಂದರೆ ವಿಶೇಷ ಗೌರವದ ಚರ್ಚು, ಎಂಬ ಪದವಿ ಕೊಟ್ಟಿದ್ದಾರೆ. ಅದರ ಗೋಪುರ ರಸೆಲ್ ಮಾರುಕಟ್ಟೆಯ ಕಡೆಯಿಂದ ಬರುವವರಿಗೆ ತಾನಾಗಿಯೇ ಕಾಣುತ್ತದೆ. ಹೆಸರಿಗಾಗಿ ಬಡಿದಾಡುವವರು ಆ ಗೋಡೆಗಳ, ಬಣ್ಣದ ಗಾಜುಗಳ ಚಿಂತೆ ಮಾಡಿದ್ದರೆ ಮೆಚ್ಚುತ್ತಿದ್ದೆ. ಮೆಟ್ರೊಗಾಗಿ ಊರ್ಜಾ ಎಂಬ ಸುರಂಗ ಯಂತ್ರ ಕಂಟೋನ್ಮೆಂಟಿನಿಂದ ಕೊರೆಯುತ್ತಾ ಬಂದು 2021ರಲ್ಲಿ ಶಿವಾಜಿನಗರದಲ್ಲೇ ಹೊರಬಿತ್ತು. ನೂರ ಮೂವತ್ತೊಂಬತ್ತು ವರ್ಷದ ಕಟ್ಟಡದ ಸಮೀಪ ಅಷ್ಟು ದೊಡ್ಡ ಕೆಲಸ ನಡೆದಾಗ ಈ ಗುಂಪಿನಲ್ಲಿ ಒಬ್ಬರೂ ಸೊಲ್ಲೆತ್ತಲಿಲ್ಲ.

ಚಿಕ್ಕಪ್ಪ: ಅಂದರೆ ನೀನು ನನ್ನ ಪಕ್ಷವೇ. ಇಷ್ಟುದ್ದ ಬರೆಯುವ ಬದಲು ಮೊದಲೇ ಹೇಳಬಾರದಿತ್ತೇ?

ನಾನು: ಮೊದಲ ಸಾಲಿನಲ್ಲೇ ಹೇಳಿದ್ದೇನೆ. ಮೇಲೆ ಹೋಗಿ ಓದಿ.

ಭಾವ: ಶಂಕರ್‌ನಾಗ್ ಹೆಸರಿಡಿ ಎಂದು ಕೆಲವರು ಕೇಳುತ್ತಿದ್ದಾರೆ. ಎಂಬತ್ತರ ದಶಕದಲ್ಲೇ ಬೆಂಗಳೂರಿಗೆ ಮೆಟ್ರೊ ಬೇಕೆಂದು ಕನಸು ಕಂಡವರು. ಇಲ್ಲೇ ಒಂದು ಮತದಾನ ಇಡಲೇ?

ಮೈಸೂರಿನ ಅತ್ತೆ: ನನ್ನ ಮತ ಶಂಕರ್‌ನಾಗ್‌ಗೆ.

ಚಿಕ್ಕಪ್ಪ: ಅಕ್ಕ, ಇಷ್ಟು ಹೊತ್ತು ಮಾತೆಯ ಪರ ನಿಂತಿದ್ದೆಯಲ್ಲ?

ಮೈಸೂರಿನ ಅತ್ತೆ: ನಿಂತದ್ದು ನಿನ್ನ ವಿರುದ್ಧ.