ಕಾರ್ಬನ್ ಫೈಬರ್ ಬಾನೆಟ್‌ಗೆ ಪಿನ್ (ತೂತು ಕೊರೆದು ಮೇಲಿಂದ ಬಿಗಿಯೋ ಹೆಚ್ಚುವರಿ ಲಾಕ್) ಹಾಕಿಸಲೇಬೇಕಾ?

ನನ್ನ ಫೋಕ್ಸ್‌ವ್ಯಾಗನ್ ಪೋಲೊ ಕಾರಿಗೆ ಕಂಪನಿದಲ್ಲದ, ಹೊರಗಿನ ಕಾರ್ಬನ್ ಬಾನೆಟ್ ಕೂರಿಸಿದೆ. ಲಾಕ್ ಸರಿಯಾಗೇ ಬೀಳುತ್ತೆ. ಆದ್ರೆ ವೇಗ 100 ಕಿ.ಮೀ. ದಾಟಿದ್ರೆ ಹೆಡ್‌ಲೈಟ್ ಮೇಲಿನ ಎರಡೂ ಮೂಲೆ ಅದುರುತ್ತೆ. ಲಾಕ್ ಇರೋದು ನಡುವೆ ಒಂದೇ, ತಗಡಿನ ಬಾನೆಟ್ಟಿನ ಭಾರ ಇದಕ್ಕಿಲ್ಲ.

ಮೂಲೆಯ ರಬ್ಬರ್ ಸ್ಟಾಪರ್ ಎರಡು ಸುತ್ತು ಮೇಲೆತ್ತಿ, ಲಾಕನ್ನ ಸ್ವಲ್ಪ ಕೆಳಗಿಳಿಸಿ ನೋಡಿದೆ. ಅದುರೋದು ಕಮ್ಮಿಯಾಯ್ತು, ನಿಲ್ಲಲಿಲ್ಲ. ಹೆದರಿಕೆ ಅದಕ್ಕಲ್ಲ. ಲಾಕಿಗೆ ಸಿಕ್ಕಿಕೊಳ್ಳೋ ಕೊಕ್ಕೆ ಕೂತಿರೋ ಲೋಹದ ಪಟ್ಟಿಯನ್ನ ಬರೀ ರೆಸಿನ್‌ನಲ್ಲಿ ಅಂಟಿಸಿದಾರೆ, ಸುತ್ತ ಕೂದಲೆಳೆಯಂಥ ಬಿರುಕು ಬಿಟ್ಟಿದೆ. ಅದು ಕಿತ್ತು ಬಂದ್ರೆ ಬಾನೆಟ್ ನೇರ ಗಾಜಿಗೇ.

ಪಿನ್ ಹಾಕೋಣ ಅಂದ್ರೆ ಮೂಲೆಯಲ್ಲಿ ಒಳ ಫ್ರೇಮ್ ಇಲ್ಲ, ಸುಮಾರು 2 ಮಿ.ಮೀ. ಹಾಳೆ ಮಾತ್ರ. ತೂತಿನ ಅಂಚು ಸೀಳಿದ್ರೆ?

ಕಂಪನಿ ಲಾಕ್ ಉಳಿಸ್ಕೊಂಡು ಮುಂದೆ ಎರಡು ಪಿನ್ ಹಾಕಿದ್ರೆ ಸಾಕಾ? ತೂತಿನ ಅಡಿಗೆ ಪ್ಲೇಟ್ ಕೊಡ್ಬೇಕಾ, ಇಲ್ಲಾ ಫ್ರೇಮ್ ಇರೋ ಕಡೆಗೇ ಪಿನ್ ಸರಿಸ್ಬೇಕಾ?