ನಾಲ್ಕು ಕಿಲೊ ರೊಟ್ಟಿ, ಹನ್ನೆರಡು ಕಿಲೊ ಗಾಳಿ

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯ ಗೇಟಿನ ಪಕ್ಕ ಒಂದು ಕಲ್ಲುಬೆಂಚಿದೆ. ಭಾನುವಾರ ಸಂಜೆ ಅದು ಕನ್ನಡದವರದ್ದು. ಪಕ್ಕದ ಕ್ಯಾಬಿನ್ ವಾಚ್‌ಮನ್‌ನದು, ಆದರೆ ಅವನಿಗೆ ಅಲ್ಲಿ ಜಾಗವಿಲ್ಲ. ಅವನ ಸ್ಟೂಲಿನ ಮೇಲೂ ಪಾರ್ಸೆಲ್ಲುಗಳೇ ಕೂತಿರುತ್ತವೆ, ಅವನು ಹೊರಗೆ ನಿಂತು ಅವುಗಳನ್ನು ಕಾಯುತ್ತಾನೆ.

ಮೊನ್ನೆ ಪಾಟೀಲರು ಬಂದವರೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದರು.

“ಓದ್ರಿ ರಾಯರ. ಏನ್ ಬರದದ?”

“ಔಟ್ ಫಾರ್ ಡೆಲಿವರಿ.”

“ನಿನ್ನೆನೂ ಇದನ್ನ ಬರದಿತ್ತು. ಹೊರಗ ಹೋಗ್ಯಾನ ಅಂದ್ರ ಎಲ್ಲಿಗೆ ಹೋಗ್ಯಾನ? ಬಾಗಲಕೋಟಿಯಿಂದ ನಮ್ಮಕ್ಕ ನೂರು ಕಡಕ್ ರೊಟ್ಟಿ ಕಳಿಸ್ಯಾಳ. ತೂಕ ನಾಲ್ಕ ಕಿಲೊ. ರೊಕ್ಕ ತೊಗೊಂಡದ್ದು ಹನ್ನೆರಡು ಕಿಲೊದ್ದು! ಅಕ್ಕ ಅವರನ್ನ ಬಿಟ್ಟು ನನಗ ಬೈಯಾಕತ್ಯಾಳ.”

ಕಂಪನಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನಾಳೆ ನನ್ನ ಪಾರ್ಸೆಲ್ಲೂ ಅವರ ಕೈಯಲ್ಲೇ ಬರಬೇಕು.

ಅದೃಷ್ಟಕ್ಕೆ ನನ್ನ ತಂಗಿಯ ಮಗ ಕಾರ್ತಿಕ ಅಲ್ಲೇ ಇದ್ದ. ಭಿವಂಡಿಯ ಒಂದು ಗೋದಾಮಿನಲ್ಲಿ ರಾತ್ರಿಪಾಳಿ ಸೂಪರ್‌ವೈಸರ್. “ಅಂಕಲ್, ಡಬ್ಬ ಎಷ್ಟು ದೊಡ್ಡದು?” ಎಂದ. ಪಾಟೀಲರು ಕೈ ಅಗಲಿಸಿ ತೋರಿಸಿದರು. ಅವನು ಅಂದಾಜು ಹಾಕಿದ: “ಉದ್ದ 50, ಅಗಲ 40, ಎತ್ತರ 30 ಸೆಂಟಿಮೀಟರ್. ಗುಣಿಸಿದ್ರೆ 60,000. ಅದನ್ನ 5,000ದಿಂದ ಭಾಗಿಸಿ. ಹನ್ನೆರಡು. ಅಸಲು ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.”

“ಅಂದ್ರ ಗಾಳಿಗೂ ರೊಕ್ಕ?”

“ಗಾಳಿಗಲ್ಲ, ಜಾಗಕ್ಕೆ. ಲಾರಿ ತುಂಬ ಚುರುಮುರಿ ತುಂಬಿದ್ರೆ ತೂಕ ಇರಲ್ಲ. ಆದ್ರೆ ಬೇರೆಯವರ ಸಾಮಾನು ಎಲ್ಲಿಡೋದು?”

ಇಲ್ಲಿಯವರೆಗೆ ಪಾಟೀಲರ ಪರವಾಗಿ ತಲೆ ಆಡಿಸುತ್ತಿದ್ದ ಹೋಟೆಲಿನ ಶೆಟ್ಟರು ತಟ್ಟನೆ ಪಕ್ಷ ಬದಲಿಸಿದರು. “ಅದು ಸರಿ ಉಂಟು ಮಾರಾಯ್ರೆ. ಒಂದು ಚಾ ತಗೊಂಡು, ನಾಲ್ಕು ಜನರ ಟೇಬಲ್ಲಲ್ಲಿ ಪೇಪರ್ ಹರಡಿ ಒಂದು ಗಂಟೆ ಕೂತುಕೊಳ್ಳುವವರಿಗೆ ನಾನೂ ಇದೇ ಲೆಕ್ಕ ಹಾಕ್ಬೇಕಿತ್ತು.” ಹೇಳುವಾಗ ನನ್ನ ಕಡೆ ನೋಡುವ ಅಗತ್ಯವಿರಲಿಲ್ಲ.

ಭಿವಂಡಿಯ ಹೆಸರು ಬಂದದ್ದೇ ಪಾಟೀಲರು ಮೂವತ್ತು ವರ್ಷ ಹಿಂದೆ ಹೋದರು. ಆಗ ಭಿವಂಡಿಯೆಂದರೆ ಪವರ್‌ಲೂಮು, ಖಟಖಟ ಸದ್ದು. ಲಾರಿಯವರಿಗೆ ಮುಂಬಯಿಯ ಬಾಗಿಲೆಂದರೆ ಮುಲುಂಡಿನ ಜಕಾತ್ ನಾಕಾ, ಊರೊಳಗೆ ಬರುವ ಸರಕಿಗೆ ಸುಂಕ ಕಟ್ಟುವ ಜಾಗ. “ಅಲ್ಲಿ ಲಾರಿ ನಿಂತ್ರ ಡ್ರೈವರ್ ಅಡಿಗಿ ಮಾಡಿ, ಉಂಡು, ಮಲಗಿ ಏಳ್ತಿದ್ದ.” 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು, ಜಕಾತ್ ಹೋಯಿತು. ಅದಕ್ಕೂ ಮುಂಚೆ ಕಂಪನಿಗಳು ತೆರಿಗೆ ಉಳಿಸಲು ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುತ್ತಿದ್ದವು. ಈಗ ಆ ಹಂಗಿಲ್ಲ, ಒಂದೇ ಕಡೆ ಹೊಲದಷ್ಟು ದೊಡ್ಡದು ಕಟ್ಟುತ್ತಾರೆ. ನಾಸಿಕ ಹೆದ್ದಾರಿಯ ಬದಿಯ ಆ ತಗಡಿನ ಸಾಲು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ ಅಂತ ಕಾರ್ತಿಕ ಹೇಳಿದ.

“ಹಂಗಾದ್ರ ಇಲ್ಲಿಂದ ಕಲ್ಯಾಣಕ್ಕ ಒಂದು ಲಕೋಟಿ ಕಳಿಸಿದ್ರೂ ಭಿವಂಡಿಗೆ ಯಾಕ ಹೋಗ್ತದ?”

“ನೀವು ವಾಶಿಗೆ ಹೋಗೋಕೆ ಠಾಣೆಗೆ ಹೋಗಿ ಟ್ರೇನ್ ಬದಲಿಸಲ್ವಾ? ಇದೂ ಅಷ್ಟೇ, ಪಾರ್ಸೆಲ್ಲು ಅಲ್ಲಿ ಲಾರಿ ಬದಲಿಸುತ್ತೆ.”

ಪಾಟೀಲರು ಸುಮ್ಮನಾದರು. ಲೋಕಲ್ ಟ್ರೇನಿನ ಉದಾಹರಣೆ ಕೊಟ್ಟ ಮೇಲೆ ಡೊಂಬಿವಲಿಯಲ್ಲಿ ವಾದ ಮುಂದುವರಿಯುವುದಿಲ್ಲ.

ಈ ಧಂದೆಯಲ್ಲಿ ದುಡ್ಡು ಹುಟ್ಟುತ್ತದಾ ಅನ್ನುವುದು ಶೆಟ್ಟರ ಚಿಂತೆ. ಕಾರ್ತಿಕ ತನ್ನ ಕಂಪನಿಯ ಮಾತು ಬಿಟ್ಟು ದೊಡ್ಡವರ ಕಥೆ ತೆಗೆದ. ಡೆಲ್ಲಿವರಿ ಕಂಪನಿ ಹುಟ್ಟಿದ್ದು 2011ರಲ್ಲಿ, ಗುರ್ಗಾಂವ್‌ನಲ್ಲಿ. ಮೊದಮೊದಲು ಅವರು ಮುಟ್ಟಿಸುತ್ತಿದ್ದದ್ದು ಹೋಟೆಲಿನ ಊಟ, ಹೂವು.

“ಹೋಟೆಲಿನಿಂದಲೇ ಶುರುವಾದದ್ದಾ!” ಶೆಟ್ಟರು ತಾವೇ ಬಂಡವಾಳ ಹಾಕಿದವರಂತೆ ಎದೆಯುಬ್ಬಿಸಿದರು.

“ಆಮೇಲೆ ಆನ್‌ಲೈನ್ ಅಂಗಡಿಗಳ ಸಾಮಾನು ಹಿಡಿದ್ರು. ಈಗ 18,000ಕ್ಕೂ ಹೆಚ್ಚು ಪಿನ್‌ಕೋಡ್ ಮುಟ್ತಾರೆ. 2022ರ ಮೇಯಲ್ಲಿ 5,235 ಕೋಟಿಯ ಶೇರು ಮಾರಾಟ ಮಾಡಿದ್ರು. ಆದ್ರೆ ಇಡೀ ವರ್ಷದ ಲೆಕ್ಕದಲ್ಲಿ ಲಾಭ ಅಂತ ಕಂಡದ್ದು 2024-25ರಲ್ಲಿ. 162 ಕೋಟಿ.”

ನಾನು ಬೆರಳು ಮಡಚಿದೆ. “ಹದಿನಾಲ್ಕು ವರ್ಷ. ಶ್ರೀರಾಮನ ವನವಾಸ.”

“ರಾಮನಿಗೆ ಕಾಡಿನಲ್ಲಿ ಗೆಡ್ಡೆಗೆಣಸು ಫ್ರೀ ಇತ್ತು,” ಅಂದರು ಶೆಟ್ಟರು. “ನನ್ನ ಹೋಟೆಲು ಹದಿನಾಲ್ಕು ವಾರ ನಷ್ಟದಲ್ಲಿ ನಡೆದ್ರೆ ಬ್ಯಾಂಕಿನವರು ಬಂದು ಇಡ್ಲಿ ಅಟ್ಟ ಎತ್ತಿಕೊಂಡು ಹೋಗ್ತಾರೆ.”

“ನಮ್ಮ ಕಡೆ ನೋಡ್ರಿ,” ಪಾಟೀಲರಿಗೆ ಈಗ ಹುರುಪು ಬಂತು. “ಸಂಕೇಶ್ವರ ಅವರು 1976ರಾಗ ಗದಗಿನ್ಯಾಗ ಒಂದ ಲಾರಿ ಇಟ್ಕೊಂಡು ಶುರು ಮಾಡಿದ್ರು. ಒಂದ!” ಉತ್ತರ ಕರ್ನಾಟಕದವರ ಎದುರು ಸಾಗಣೆಯ ಮಾತೆತ್ತಿದರೆ ವಿಆರ್‌ಎಲ್‌ನ ಆ ಒಂದು ಲಾರಿ ಬಾರದೆ ಇರುವುದಿಲ್ಲ. ನಾನು ಅದಕ್ಕೆ ಕಾಯುತ್ತಲೇ ಇದ್ದೆ.

ಡೆಲ್ಲಿವರಿಯಂತೆ ಬೆಳೆದವರಿಗೆ ಈಗ ಬೇರೆಯದೇ ತಲೆನೋವು. ಫ್ಲಿಪ್‌ಕಾರ್ಟಿಗೆ ಸ್ವಂತ ಇಕಾರ್ಟ್ ಇದೆ, ಮೀಶೊ ವಾಲ್ಮೊ ಅಂತ ಮಾಡಿಕೊಂಡಿದೆ. ಪಾರ್ಸೆಲ್ ಕೊಡುತ್ತಿದ್ದವರೇ ಪಾರ್ಸೆಲ್ ಹೊರಲು ನಿಂತರು. ಶೆಟ್ಟರಿಗೆ ಇದು ಕೂಡಲೇ ಅರ್ಥವಾಯಿತು: “ದಿನಾ ನೂರು ಇಡ್ಲಿ ತಗೊಳ್ಳುವ ಗಿರಾಕಿ ತಾನೇ ಮನೆಯಲ್ಲಿ ಇಡ್ಲಿ ಬೇಯಿಸಿದ ಹಾಗೆ.” 2025ರಲ್ಲಿ ಡೆಲ್ಲಿವರಿ ತನ್ನ ಪ್ರತಿಸ್ಪರ್ಧಿ ಈಕಾಮ್ ಎಕ್ಸ್‌ಪ್ರೆಸ್ಸನ್ನು ಸುಮಾರು 1,400 ಕೋಟಿಗೆ ಕೊಂಡುಕೊಂಡಿತು. “ಎದುರಿನ ಹೋಟೆಲು ತಗೊಳ್ಳುವ ಆಸೆ ನನಗೂ ಉಂಟು,” ಅಂದರು ಶೆಟ್ಟರು. “ಅವನ ಸಾಂಬಾರು ಚೆನ್ನಾಗಿದೆ.”

ಅಷ್ಟರಲ್ಲಿ ಪಾರ್ಸೆಲ್ ಹುಡುಗ ಬಂದ. ಬೈಕಿನ ಹಿಂದೆ ಅವನಿಗಿಂತ ಎತ್ತರದ ಚೀಲ, ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಪಾಟೀಲರ ಡಬ್ಬ. ಎರಡು ದಿನ ತಡವಾದದ್ದೇಕೆಂದು ಡಬ್ಬದ ಮೇಲಿನ ವಿಳಾಸ ಓದಿದಾಗ ತಿಳಿಯಿತು. ಅಕ್ಕ ಸ್ವಚ್ಛ ಇಂಗ್ಲಿಷಿನಲ್ಲಿ ಬರೆಸಿದ್ದರು: ಪಾಟೀಲ, ಶೆಟ್ಟರ ಹೋಟೆಲ್ ಹಿಂದೆ, ಡೊಂಬಿವಲಿ ಪೂರ್ವ, 421201. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ತಂದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಪಂಡಿತರು. ಆರು ಅಂಕಿಯಲ್ಲಿ ದೇಶವನ್ನೇ ಹಂಚಿ ಕೊಟ್ಟರು. ಆದರೆ ಡೊಂಬಿವಲಿಯಲ್ಲಿ ಶೆಟ್ಟರ ಹೋಟೆಲು ಎಷ್ಟೆಂದು ನಮ್ಮ ಶೆಟ್ಟರಿಗೇ ಗೊತ್ತಿಲ್ಲ. ಹುಡುಗ ಒಂದೊಂದರ ಹಿಂದೆಯೂ ಹೋಗಿ ಪಾಟೀಲರನ್ನು ಹುಡುಕಿದ್ದ. ಸಿಕ್ಕದೆ ಪಾರ್ಸೆಲ್ ತಿರುಗಿ ಹೋದರೆ ಹೋಗುವ ಖರ್ಚು ಬೇರೆ. ಬಂದ ದಾರಿಗೆ ಸುಂಕವಿಲ್ಲ ಅನ್ನುವ ಗಾದೆ ಈ ಧಂದೆಯಲ್ಲಿ ನಡೆಯುವುದಿಲ್ಲ.

“ಓಟಿಪಿ,” ಅಂದ ಹುಡುಗ.

ಪಾಟೀಲರ ಮೊಬೈಲಿನಲ್ಲಿ ಏನೂ ಇಲ್ಲ. ಅಕ್ಕ ಎರಡೂ ಕಡೆ ತಮ್ಮದೇ ನಂಬರು ಕೊಟ್ಟಿದ್ದರು. ಪಾಟೀಲರು ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ಅಕ್ಕಾ, ನಿನಗ ನಾಲ್ಕ ಅಂಕಿ ಬಂದಾವಲ್ಲ, ಹೇಳು.”

“ಬಂದಾವ. ಹನ್ನೆರಡು ಕಿಲೊದ್ದು ರೊಕ್ಕ ತೊಗೊಂಡಾರ, ಸುಮ್ಮನ ಹೆಂಗ ಹೇಳಲಿ? ಮೊದಲ ಡಬ್ಬಿ ತಗದು ರೊಟ್ಟಿ ಮುರದಾವೋ ಇಲ್ಲೋ ನೋಡು. ಆಮ್ಯಾಲ ಹೇಳ್ತೀನಿ.”

ಕಾರ್ತಿಕ ಅದನ್ನು ಮರಾಠಿಯಲ್ಲಿ ಹುಡುಗನಿಗೆ ತಿಳಿಸಿದ. ಹುಡುಗ ಡಬ್ಬವನ್ನು ಎದೆಗವಚಿಕೊಂಡ. ಓಟಿಪಿ ಹಾಕದೆ ಡಬ್ಬ ಕೊಡುವಂತಿಲ್ಲ, ಕೊಡದೆ ತೆರೆಯುವಂತಿಲ್ಲ. ಪಾಟೀಲರು ಅಕ್ಕನಿಗೆ ಅದನ್ನು ವಿವರಿಸಿದರು. ಅಕ್ಕ ಮತ್ತೆ ಅದನ್ನೇ ಹೇಳಿದರು, ಸ್ವಲ್ಪ ಜೋರಾಗಿ.

ಶೆಟ್ಟರು ಎದ್ದು ಹುಡುಗನಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟು, ಹೋಟೆಲಿಗೆ ಫೋನ್ ಮಾಡಿದರು. “ಐದು ಚಾ ಕಳಿಸು. ಎಲ್ಲಿಗಾ? ನಮ್ಮ ಹೋಟೆಲಿನ ಹಿಂದೆ.”