ಸ್ಟರ್ಜನ್ ಮರಿ: ‘ಬಿತ್ತನೆ’ ಅನ್ನಬಹುದೆ? ‘ತೇಲುವುದು’ ಸರಿಯೆ?

ಪ್ರಶ್ನೆ: ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಸ್ಟರ್ಜನ್ ಮೀನಿನ ಮರಿಗಳ ವಲಸೆಯನ್ನು ಲೆಕ್ಕವಿಡುವ ಬಗೆಯ ಬಗ್ಗೆ ಕನ್ನಡದಲ್ಲಿ ಪಾಠ ಸಿದ್ಧವಾಗುತ್ತಿದೆ. ಓದುವವರು ಮೈಸೂರು, ಮಂಡ್ಯ ಕಡೆಯ ಮೀನುಗಾರಿಕೆ ವಿದ್ಯಾರ್ಥಿಗಳು. ಮರಿಗಳಿಗೆಲ್ಲ ‘ಬಿತ್ತನೆ’ ಎಂದರೆ ಸಾಕೆ? ನೀರಿನೊಡನೆ ಬರುವುದಕ್ಕೆ ‘ತೇಲುವುದು’ ಎನ್ನಬಹುದೆ? ಬಲ್ಲವರು ತಿಳಿಸಿ.

ಉತ್ತರ: ಎರಡೂ ಬೇಡ ಸರ್. ನಮ್ಮ ಕಡೆ ಕಾಟ್ಲಾ, ರೋಹು ಮರಿ ಕೊಳ್ಳಲು ಹೋದವರು ‘ಬಿತ್ತನೆ’ ಎಂದು ಕೇಳುವುದು ಕೆರೆಗೆ ಬಿಡಲೆಂದು ಸಾಕಿದ ಮರಿಯನ್ನು. ಡ್ಯಾನ್ಯೂಬಿನಲ್ಲಿ ಸಾಕಿ ಬಿಟ್ಟ ಮರಿಗಳೂ ಇವೆ, ಹೊಳೆಯಲ್ಲೇ ಹುಟ್ಟಿದವೂ ಇವೆ. ತಾಯಿಮೀನುಗಳು ಇನ್ನೂ ತಾವಾಗಿ ಮೊಟ್ಟೆಯಿಡುತ್ತಿವೆ ಎನ್ನಲು ಎರಡನೆಯದೇ ಸಾಕ್ಷಿ. ಹಾಗಾಗಿ ಒಂದನ್ನು ‘ಬಿತ್ತನೆ ಮರಿ’, ಇನ್ನೊಂದನ್ನು ‘ಹೊಳೆಮರಿ’ ಎಂದು ಬೇರೆ ಮಾಡಲೇಬೇಕು. ಬಿಡುವ ಮುನ್ನ ಗುರುತು ಹಾಕುವ ಕಡೆ, ಸುಮಾರು 12 ಮಿ.ಮೀ. ಉದ್ದದ, ಬ್ಯಾಟರಿಯಿಲ್ಲದ ಗಾಜಿನ ಪಿಟ್ ಟ್ಯಾಗನ್ನು (ಪ್ರತಿ ಮರಿಗೂ ಬೇರೆ ಸಂಖ್ಯೆಯಿರುವ ಗುರುತುಬಿಲ್ಲೆ) ಮರಿಯ ಮೈಯೊಳಗೆ ಸೇರಿಸುತ್ತಾರೆ. ರೀಡರನ್ನು ತೀರ ಹತ್ತಿರ ಹಿಡಿದರೆ ಸಂಖ್ಯೆ ಸಿಗುತ್ತದೆ. ಆದರೆ ಗುರುತಿಲ್ಲದ್ದೆಲ್ಲ ಹೊಳೆಮರಿಯಲ್ಲ, ಏಕೆಂದರೆ ಬಿಟ್ಟದ್ದಕ್ಕೆಲ್ಲ ಗುರುತಿರುವುದಿಲ್ಲ. ಅದಕ್ಕೇ ರೆಕ್ಕೆಯ ಚೂರು ತೆಗೆದು ವಂಶವಾಹಿ ಪರೀಕ್ಷೆಗೆ ಇಡುವುದು.

‘ವಲಸೆ’ ಇರಲಿ, ದಿಕ್ಕು ಸೇರಿಸಿ. ಬೆಲೂಗಾದಂಥ ಸ್ಟರ್ಜನ್ ಜಾತಿಗಳು ಕಪ್ಪು ಸಮುದ್ರದಿಂದ ಮೊಟ್ಟೆಯಿಡಲು ಹೊಳೆ ಹತ್ತುತ್ತವೆ. ಸಮುದ್ರದಿಂದ 863 ಕಿ.ಮೀ. ಮೇಲೆ ಎರಡನೆಯ ಐರನ್ ಗೇಟ್ಸ್ ಅಣೆಕಟ್ಟು ಅವನ್ನು ತಡೆಯುತ್ತದೆ. ಇದು ಹತ್ತುವಲಸೆ; ಮಳೆಗಾಲದಲ್ಲಿ ನೀರಿಗೆದುರಾಗಿ ಹತ್ತುವ ಮಲೆನಾಡಿನ ‘ಹತ್ತುಮೀನು’ ಇದಕ್ಕೆ ಒಳ್ಳೆಯ ಆಧಾರ. ಮರಿಗಳದು ಇಳಿವಲಸೆ. ಸ್ಟರ್ಲೆಟ್ ಜಾತಿ ಮಾತ್ರ ಸಿಹಿನೀರಲ್ಲೇ ಉಳಿಯುವುದರಿಂದ ‘ಸಮುದ್ರಕ್ಕೆ ವಲಸೆ’ ಎಂದು ಎಲ್ಲಕ್ಕೂ ಬರೆಯಬೇಡಿ.

‘ತೇಲುವುದು’ ಎಂದರೆ ಓದುವವನ ಕಣ್ಣು ನೀರಿನ ಮೇಲಕ್ಕೆ ಹೋಗುತ್ತದೆ. ಸ್ಟರ್ಜನ್ ಮರಿ ಹೆಚ್ಚಾಗಿ ತಳದ ಹತ್ತಿರ ಸಾಗುತ್ತದೆ. ಈ ಪದ ನಂಬಿ ಬಲೆಯನ್ನು ಮೇಲೆ ಕಟ್ಟಿದರೆ ಖಾಲಿ ಬಲೆ ಬರುತ್ತದೆ, ‘ಮರಿಯೇ ಇಲ್ಲ’ ಎಂಬ ವರದಿಯೂ ಹೋಗುತ್ತದೆ. ‘ಸೆಳವಿನೊಡನೆ ಇಳಿಯುವುದು’ ಎನ್ನಿ. ಆಗಷ್ಟೇ ಮೊಟ್ಟೆಯೊಡೆದವಕ್ಕೆ ಶಂಕುವಿನಾಕಾರದ ಸಣ್ಣ ಕಣ್ಣಿನ ಬಲೆಯನ್ನು ಬಾಯಿ ಮೇಲ್ಹೊಳೆಗೆ ತಿರುಗಿಸಿ ತಳದಲ್ಲಿ ಲಂಗರು ಹಾಕುತ್ತಾರೆ. ಬಾಯಿಯಲ್ಲಿ ಹರಿವುಮಾಪಕ ಇರಬೇಕು. ಬಾಯಿಯ ವಿಸ್ತೀರ್ಣ 0.5 ಚದರ ಮೀಟರ್, ಸೆಳವು ಸೆಕೆಂಡಿಗೆ 0.8 ಮೀಟರ್, ಹೊತ್ತು 15 ನಿಮಿಷವಾದರೆ 360 ಘನ ಮೀಟರ್ ನೀರು ಸೋಸಿದಂತೆ. ಸಿಕ್ಕ ಮರಿಗಳ ಸಂಖ್ಯೆಯನ್ನು ಇದರಿಂದ ಭಾಗಿಸಬೇಕು. ಎಲೆ, ಪಾಚಿ ಕಟ್ಟಿಕೊಂಡರೆ ನೀರು ಬಾಯಿಯ ಪಕ್ಕಕ್ಕೆ ಸರಿಯುತ್ತದೆ, ಒಳಗಿನ ಮರಿಗಳೂ ಜಜ್ಜಿಹೋಗುತ್ತವೆ. ಹೊತ್ತು ಕಡಿಮೆ ಇಡುವುದು ಅದಕ್ಕೇ.

ಬೆಳೆದ ಮರಿಗೆ ಹಾಕುವುದನ್ನು ‘ತೇಲುಬಲೆ’ ಎನ್ನದೆ ‘ಹರಿಬಿಡುವ ಬಲೆ’ ಎನ್ನಿ. ಅದರ ಸೀಸದ ಅಂಚು ತಳ ಸವರಿಕೊಂಡೇ ಇಳಿಯುತ್ತದೆ. ಮರಿಯ ಮೈಮೇಲಿನ ಐದು ಸಾಲು ಚೂಪು ಮೂಳೆಬಿಲ್ಲೆಗಳು ನೂಲಿಗೆ ಸಿಕ್ಕಿಕೊಳ್ಳುತ್ತವೆ. ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿ ಬಲೆ ಹರಿದುಹೋಗುವುದರಿಂದ ತಳ ಚೊಕ್ಕಟವಿರುವ ಜಾಗವನ್ನು ಮೊದಲೇ ಆರಿಸಬೇಕು. ವರ್ಷವರ್ಷದ ಲೆಕ್ಕ ಹೋಲಿಸಲು ಪ್ರತಿ ವರ್ಷವೂ ಅದೇ ಜಾಗ, ಅದೇ ಬಲೆ, ಅಷ್ಟೇ ದೂರ. ಸಿಕ್ಕ ಮರಿ ‘ಒಂದು ಬೀಸಿಗೆ’ ಇಷ್ಟು ಎಂದರೆ ಬೀಸುಬಲೆಯ ಲೆಕ್ಕವಾಗುತ್ತದೆ, ಇಲ್ಲಿ ಬಲೆ ಒಮ್ಮೆ ಹರಿದಿಳಿದದ್ದಕ್ಕೆ ‘ಒಂದು ಓಟಕ್ಕೆ’ ಎನ್ನುವುದು ಮೇಲು.

ಶ್ರೀರಂಗಪಟ್ಟಣ, ಬನ್ನೂರು, ತಲಕಾಡು ಕಡೆ ಹರಿಗೋಲಿನವರು ಹೊಸ ನೀರಿನೊಡನೆ ಇಳಿದುಬರುವ ಮರಿಗೆ ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ‘ಹೊಳೆಮರಿ’ಯನ್ನು ಬಿಟ್ಟು ಅದನ್ನೇ ಇಟ್ಟುಕೊಳ್ಳೋಣ.